ಅಡುಗೆಮನೆಯ ಅರಿಷಿಣ

ಪುಣೆಯಲ್ಲಿ ಅವನು ಭಾಷಣಕ್ಕೆ ನಿಲ್ಲುವ ಮುಂಚೆ ಯಾರಾದರೂ ಎದ್ದು ಅವನ ಪರಿಚಯ ಹೇಳುತ್ತಾರಂತೆ. ಮೊನ್ನೆ ಬನಶಂಕರಿಯ ದರ್ಶನಕ್ಕೆ ಬಂದು, ಬಿಸಿಲು ಇಳಿಯುವವರೆಗೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದ ಬಾಗಲಕೋಟೆಯ ವಕೀಲರು ಅದನ್ನು ಕಿವಿಯಾರೆ ಕೇಳಿ ಬಂದವರು. ನನ್ನೆದುರು ಭಕ್ತಿಯಿಂದ ಒಪ್ಪಿಸಿದರು. ಪ್ರೊಫೆಸರ್ ಅಮರೇಶ ದೇಸಾಯಿ. ಹುನಗುಂದದ ಕಡೆಯ ಹಳೆಯ ದೇಸಗತಿ ಮನೆತನ. ಚಿಕ್ಕಂದಿನಲ್ಲೇ ತಾಯಿ ತಂದೆಯರನ್ನು ಕಳೆದುಕೊಂಡವರು. ಮನಸ್ಸಿನ ಶಾಸ್ತ್ರದಲ್ಲಿ ದೊಡ್ಡ ಪಂಡಿತರು. ಓದುಬರಹವಿಲ್ಲದ ಜನರ ಮನಸ್ಸನ್ನು ಆಣೆ-ಪ್ರಮಾಣಗಳು ಹೇಗೆ ಹಿಡಿದಿಟ್ಟಿವೆ ಎಂಬುದು ಅವರ ಸಂಶೋಧನೆಯ ವಿಷಯ. ಇಷ್ಟು ಹೇಳುವುದರೊಳಗೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದಂತೆ.

ಬೀಳಲಿ ಬಿಡಿ. ತಟ್ಟುವವರ ಕೈಯನ್ನು ನಾನೇಕೆ ಹಿಡಿಯಲಿ? ಆದರೆ ಬಾದಾಮಿಯ ಕನ್ನಡ ಸಾಲಿಯ ಮಾಸ್ತರನಾದ ಈ ಜಲಾಲುದ್ದೀನ ಇನ್ನೂ ಸತ್ತಿಲ್ಲ. ಆ ಪ್ರೊಫೆಸರ್ ಯಾವ ದೇಸಗತಿಯಲ್ಲಿ ಹುಟ್ಟಿದ ಅಂತ ನನಗೆ ಗೊತ್ತು. ಇಲ್ಲೇ, ಚೊಳಚಗುಡ್ಡದಲ್ಲಿ, ನಮ್ಮ ಹಿತ್ತಲ ಗೋಡೆಯ ಆಚೆಗೆ, ಕುರಿ ಕಾಯುವ ಮಲಕಪ್ಪನ ಹೆಂಡತಿ ರೇಣವ್ವನ ಹೊಟ್ಟೆಯಲ್ಲಿ ಹುಟ್ಟಿದ. ಇಟ್ಟ ಹೆಸರು ಅಮಸಿದ್ದಪ್ಪ. ಹುಟ್ಟಿದ ಮಗುವಿಗೆ ಮೊದಲ ನೀರು ಹಾಕಿದವಳು ನನ್ನ ತಾಯಿ ಲಾಡಬಿ. ನಮ್ಮದು ಹತ್ತಿ ಹಿಂಜುವ ಮನೆ, ಅವರದು ಉಣ್ಣೆಯ ಮನೆ. ಚಳಿಗಾಲದಲ್ಲಿ ಅವರ ಕಂಬಳಿ ಹೊದ್ದು ನಾವು, ನಮ್ಮ ಗಾದಿಯ ಮೇಲೆ ಮಲಗಿ ಅವರು, ಹೀಗೆ ಬೆಳೆದವರು ನಾವಿಬ್ಬರೂ.

ಓದಿನಲ್ಲಿ ಅವನು ಚುರುಕು, ಅದನ್ನು ಇಲ್ಲ ಎನ್ನುವುದಿಲ್ಲ. ಬಾಗಲಕೋಟೆಯ ಸಾಲಿಗೆ ಮಲಕಪ್ಪ ಅವನನ್ನು ಹೆಗಲ ಮೇಲೆ ಹೊತ್ತು ಮುಟ್ಟಿಸಿ ಬಂದಿದ್ದ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ ಮಾಸ್ತರಿಕೆಗೆ ಸೇರಿದೆ. ಅವನು ಧಾರವಾಡಕ್ಕೆ ಹೋದ, ಅಲ್ಲಿಂದ ಪುಣೆಗೆ ಹೋದ, ಹೋದವನು ಹೋದ. ಪ್ಲೇಗು ಬಂದ ವರ್ಷ ಊರೆಲ್ಲ ಹೊರಗೆ ಗುಡಿಸಲು ಹಾಕಿಕೊಂಡಿತ್ತು. ಅಂಥ ಒಂದು ಗುಡಿಸಲಿನಲ್ಲಿ ಮಲಕಪ್ಪ ತೀರಿಕೊಂಡ. ನಾನೇ ಪುಣೆಗೆ ತಂತಿ ಕಳಿಸಿದೆ. ಮಗ ಬರಲಿಲ್ಲ. ಪರೀಕ್ಷೆ ಇತ್ತಂತೆ.

ಮಲಕಪ್ಪನನ್ನು ಮಣ್ಣು ಮಾಡಿದ ಮೇಲೆ ಅವನು ಹೊದೆಯುತ್ತಿದ್ದ ಕರಿ ಕಂಬಳಿಯನ್ನು ರೇಣವ್ವ ಮಡಿಚಿ ಜಂತಿಗೆ ಕಟ್ಟಿದಳು. ಆ ಕುರುಬರ ಹಟ್ಟಿಯ ಪದ್ಧತಿಯೇ ಅದು. ಸತ್ತವನ ಕಂಬಳಿ ಮಗನಿಗೆ ಸೇರಬೇಕು. ಸುಮ್ಮನೆ ಸೇರುವುದಿಲ್ಲ. ಮಗ ಬೀರಪ್ಪನ ಗುಡಿಯ ಮುಂದೆ ಬಲಗೈಯಲ್ಲಿ ಭಂಡಾರ ಹಿಡಿದು ನಿಲ್ಲಬೇಕು. ಭಂಡಾರವೆಂದರೆ ದೇವರ ಪಾದದಲ್ಲಿಟ್ಟ ಅರಿಷಿಣದ ಪುಡಿ, ಅದನ್ನು ಹಿಡಿದು ಆಡಿದ ಮಾತು ಸುಳ್ಳಾಗುವಂತಿಲ್ಲ. ‘ಯಾರ ಮಗಾ ನೀ?’ ಎಂದು ತಾಯಿ ಕೇಳಬೇಕು. ‘ಇಂಥವನ ಮಗ’ ಎಂದು ಅವನು ಹೇಳಬೇಕು. ಆಗ ತಾಯಿ ಕಂಬಳಿಯನ್ನು ಅವನ ಹೆಗಲಿಗೆ ಹಾಕುತ್ತಾಳೆ. ಅಂದಿನಿಂದ ಸತ್ತವನು ಮನೆಯ ಹಿರಿಯರ ಲೆಕ್ಕಕ್ಕೆ ಸೇರುತ್ತಾನೆ, ಅವನಿಗೆ ಎಡೆ ಇಡಬಹುದು. ಅಲ್ಲಿಯವರೆಗೆ ಅವನ ಹೆಸರು ಹೇಳಿ ಒಂದು ತುತ್ತು ಇಡುವಂತಿಲ್ಲ. ಮಕ್ಕಳೇ ಇಲ್ಲದವನಿಗೆ ಬೇರೆ ದಾರಿ ಇದೆ. ಅವನ ಹೆಂಡತಿ ಭಂಡಾರ ಹಿಡಿದು ‘ಮಕ್ಕಳಿಲ್ಲ’ ಎಂದು ಹೇಳಿ, ಊರಿಗೆ ಬಂದ ಯಾವನಾದರೂ ಪರದೇಶಿಗೆ ಕಂಬಳಿ ಹೊದಿಸಿ ಕಳಿಸುತ್ತಾಳೆ. ಅಲ್ಲಿಗೆ ಅವನ ಬಾಕಿ ತೀರುತ್ತದೆ. ಆದರೆ ಮಗ ಜೀವಂತ ಇದ್ದವಳು ಏನು ಮಾಡಬೇಕು? ಕಾಯಬೇಕು.

ರೇಣವ್ವ ಕಾದಳು. ಪ್ರತಿ ಮಹಾನವಮಿಗೆ ಹಟ್ಟಿಯ ಮನೆಮನೆಯಲ್ಲೂ ಹಿರಿಯರಿಗೆ ಎಡೆ ಇಡುವಾಗ ಅವಳು ಮಾವನಿಗೆ ಇಡುವಳು, ಅತ್ತೆಗೆ ಇಡುವಳು, ಗಂಡನಿಗಿಲ್ಲ. “ಅವರೆಲ್ಲಾ ಉಣ್ಣೂವಾಗ ಅಂವ ಬಾಗಲಾಗ ನಿಂತು ನೋಡ್ತಾನ ಜಲಾಲ,” ಎನ್ನುತ್ತಿದ್ದಳು ನನ್ನ ಹತ್ತಿರ. “ಇದ್ದಾಗ ಒಂದು ದಿನಾ ಹಸಗೊಂಡು ಮಲಗಿದಾವಲ್ಲ ಅಂವ.” ನಾನು ಪುಣೆಗೆ ಬರೆದೆ. ಮತ್ತೆ ಬರೆದೆ. ಬರುತ್ತೇನೆ, ರಜೆಯಿಲ್ಲ, ಮುಂದಿನ ವರ್ಷ. ಇದೇ ಉತ್ತರ. ಓದಿ ಹೇಳುವಾಗ ನನಗೆ ಮೈ ಉರಿಯುತ್ತಿತ್ತು, ಆಕೆ ಮಾತ್ರ “ಪಾಪ, ಕೆಲಸಾ ಭಾಳ ಇರಬೇಕು” ಅನ್ನುವಳು.

ಕೊನೆಗೆ ಬಂದ. ಹೇಗೆ ಬಂದ, ಕೇಳಿ.

ಥಾರ್ನ್‌ಲಿ ಎಂಬ ಸಾಹೇಬನ ಜೊತೆ ಬಂದ. ಸರಕಾರ ಆಗ ಯಾವ ಯಾವ ಜಾತಿಯವರು ಹೇಗೆ ಬದುಕುತ್ತಾರೆ, ಏನು ಉಣ್ಣುತ್ತಾರೆ, ಹೇಗೆ ಮದುವೆ ಮಾಡುತ್ತಾರೆ ಎಂದೆಲ್ಲ ಬರೆಸುತ್ತಿತ್ತು. ಈ ಸಾಹೇಬ ಡಾಕ್ಟರಿಕೆ ಕಲಿತು, ಆಮೇಲೆ ಜರ್ಮನಿಯಲ್ಲಿ ಮನಸ್ಸಿನ ವಿದ್ಯೆ ಕಲಿತವನು. ಅವನಿಗೆ ತಲೆ ಅಳೆಯುವುದೂ ಬೇಕು, ತಲೆಯೊಳಗೆ ಏನಿದೆ ಎಂದು ನೋಡುವುದೂ ಬೇಕು. ಬಾದಾಮಿಯ ಬಂಗಲೆಯಲ್ಲಿ ಇಳಿದರು. ಇಬ್ಬಾಯಿಯ ಇಕ್ಕಳದಂಥ ಒಂದು ಕಬ್ಬಿಣದ ಸಾಮಾನಿನಿಂದ ಸಾಹೇಬ ಸಿಕ್ಕಸಿಕ್ಕವರ ತಲೆಯ ಅಗಲ, ಮೂಗಿನ ಉದ್ದ ಅಳೆಯುವುದು, ಬೂಟು ಹಾಕಿಕೊಂಡ ನಮ್ಮ ಅಮಸಿದ್ದ ಪಕ್ಕದಲ್ಲಿ ನಿಂತು ಬರೆದುಕೊಳ್ಳುವುದು. ಸಾಲಿಯ ಮಾಸ್ತರ ಅಂತ ನನ್ನನ್ನೂ ಕರೆಸಿದರು, ಜನರನ್ನು ಕೂಡಿಸಲಿಕ್ಕೆ. ಸಾಹೇಬನ ಎದುರು ಅವನು ನನ್ನನ್ನು ಮೊದಲ ಸಲ ಕಂಡವನ ಹಾಗೆ ಕತ್ತು ಅಲ್ಲಾಡಿಸಿದ. ನನ್ನ ಗಾದಿಯ ಮೇಲೆ ಉಚ್ಚೆ ಹೊಯ್ದುಕೊಂಡ ಮಗ! ನಾನೂ ಕತ್ತು ಅಲ್ಲಾಡಿಸಿದೆ.

ಅಂದು ಸಂಜೆ ಒಬ್ಬನೇ ನಮ್ಮ ಮನೆಗೆ ಬಂದ. ತನ್ನ ಮನೆಗಲ್ಲ, ನಮ್ಮ ಮನೆಗೆ. ನನ್ನ ತಾಯಿ ಹಿತ್ತಲ ಬಾಗಿಲಿಂದ ರೇಣವ್ವನನ್ನು ಕರೆದಳು. ಆಕೆ ಓಡಿ ಬಂದು ಎರಡೂ ಕೈಯಿಂದ ಅವನ ಮೋರೆ ಸವರಿ, ತನ್ನ ಹಣೆಯ ಬದಿಗೆ ಬೆರಳು ಒತ್ತಿ ನೆಟಿಗೆ ಮುರಿದು ದೃಷ್ಟಿ ತೆಗೆದಳು. ನೋಡುತ್ತ ನಿಂತಳು. ಅವನ ಕಣ್ಣಲ್ಲೂ ನೀರು ಬಂತು, ಸುಳ್ಳು ಹೇಳಬಾರದು. ಆದರೆ ಅದು ಒರೆಸಿಕೊಳ್ಳುವಷ್ಟರಲ್ಲಿ ಆರಿಹೋಯಿತು.

“ಅವ್ವಾ, ನಾ ನಿನ್ನ ಮಗಾ ಅಂತ ಆ ಸಾಹೇಬಗ ಗೊತ್ತಾಗಬಾರದು,” ಅಂದ. “ಹಟ್ಟ್ಯಾಗ ಎಲ್ಲಾರಿಗೂ ಹೇಳಿ ಇಡು.”

“ಯಾಕೋ ಎಪ್ಪಾ? ಏನರ ತಪ್ಪು ಮಾಡೀದಿ ಏನು?” ರೇಣವ್ವನಿಗೆ ನಿಜವಾಗಿ ಗಾಬರಿ ಆಯಿತು.

“ತಪ್ಪಲ್ಲ. ನಾ ದೇಸಾಯರ ಮನಿತನದಾವ ಅಂತ ಹೇಳೇನಿ. ಕುರುಬರ ಹುಡುಗ ಅಂದ್ರ ಅವರ ಕಣ್ಣಿಗೆ ನಂದೂ ಒಂದು ಅಳಿಯೂ ತಲಿ ಅಷ್ಟ. ಅಳಿಯಾವ ಆಗಾಕ ಬಿಡೂದಿಲ್ಲ ಅವರು. ಕಾಲೇಜಿನ್ಯಾಗ ದೊಡ್ಡ ಜಾಗಾ ಕೊಡಸ್ತೇನಿ ಅಂದಾನ ಸಾಹೇಬ. ಇದೊಂದು ಕೆಲಸಾ ಆಗ್ಲಿ.”

ನನ್ನ ತಾಯಿ ಸುಮ್ಮನಿರುವ ಹೆಂಗಸಲ್ಲ. “ಹೌದೇನೋ ದೇಸಾಯಿ? ನಿಮ್ಮಪ್ಪ ಏನಂತ ಹೇಳೀಯೋ ಆ ಸಾಹೇಬಗ? ಅಂಬಾರಿ ಮ್ಯಾಲೆ ಕುಂತು ಕುರಿ ಕಾಯ್ತಿದ್ದ ಅಂತ ಹೇಳೀ ಏನು?”

“ತಾಯಿ ತಂದಿ ಇಲ್ಲಾ ಅಂತ ಹೇಳೇನಿ ದೊಡವ್ವಾ.”

ರೇಣವ್ವನೇ ಮೊದಲು ಮಾತಾಡಿದಳು. “ಆಗ್ಲಿ ಬಿಡು. ನಾ ಸತ್ತೇನಿ ಅಂದ್ರ ನನಗ ಆಯುಷ್ಯ ಹೆಚ್ಚಾಕೈತಿ. ಆದ್ರ ಅಪ್ಪನ ಕಂಬಳಿ ಹೊದ್ದು ಹೋಗ. ಅಷ್ಟು ಮಾಡು. ನಾ ಬ್ಯಾರೆ ಏನೂ ಕೇಳೂದಿಲ್ಲ ನಿನಗ.” ಅವನು ನೋಡೋಣ ಅಂದ. ತಾಯಿಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಹೊರಟುಹೋದ.

ಮರುದಿನ ಸಾಹೇಬನ ಸವಾರಿ ಹಟ್ಟಿಗೇ ಬಂತು. ರೇಣವ್ವ ಮನೆಮನೆಗೆ ಹೋಗಿ ಹೇಳಿ ಇಟ್ಟಿದ್ದಳು. ಜನ ಮೊದಲು ನಕ್ಕರು, ಆಮೇಲೆ ಅವಳ ಮೋರೆ ನೋಡಿ ಒಪ್ಪಿಕೊಂಡರು. ಆದರೂ ಮುದುಕರು ಅವನಿಗೆ ಬೇಕೆಂದೇ ಬಗ್ಗಿ ಬಗ್ಗಿ “ಶರಣ್ರಿ ದೇಸಾಯರ” ಅನ್ನುತ್ತಿದ್ದರು. ಅವನ ಕಿವಿ ಕೆಂಪಗಾಗುವುದನ್ನು ನೋಡಿ ನನಗೆ ಒಳಗೊಳಗೇ ಸಮಾಧಾನ ಆಯಿತು.

ಸಾಹೇಬನ ಪರೀಕ್ಷೆ ಇದು. ಒಬ್ಬೊಬ್ಬ ಕುರುಬನ ಮಣಿಕಟ್ಟು ಹಿಡಿದು ಜೇಬುಗಡಿಯಾರ ನೋಡುತ್ತ ನಾಡಿ ಎಣಿಸುವನು. ಆಮೇಲೆ ಪೂಜಾರಿ ಕಾಳಪ್ಪ ಅವನ ಅಂಗೈಗೆ ಭಂಡಾರ ಹಾಕಿ ಏನಾದರೂ ಕೇಳುವನು. ಯಾರ ಹೊಲದಲ್ಲಿ ಕುರಿ ನುಗ್ಗಿಸಿದಿ, ಯಾರ ಮರಿ ಕದ್ದಿ, ಇಂಥವು. ಸಾಹೇಬ ಮತ್ತೆ ನಾಡಿ ಎಣಿಸುವನು. ಭಂಡಾರ ಅಂಗೈಗೆ ಬಿದ್ದ ಕೂಡಲೇ ಎಂಥ ಗಟ್ಟಿ ಆಳಿನ ನಾಡಿಯೂ ಕುಣಿಯುತ್ತಿತ್ತಂತೆ. ಸಾಹೇಬನಿಗೆ ಹಿಗ್ಗು. ಚಿಕ್ಕಂದಿನಿಂದ ತುಂಬಿದ ಹೆದರಿಕೆಯೇ ಇದಕ್ಕೆ ಕಾರಣ, ಓದಿದ ಮನುಷ್ಯನಿಗೆ ಅರಿಷಿಣ ಬರೀ ಅರಿಷಿಣ, ಅದನ್ನು ತೋರಿಸಿಕೊಡಬೇಕು ಎಂದು ಅವರಿಬ್ಬರ ನಡುವೆ ಇಂಗ್ಲೀಷಿನಲ್ಲಿ ಮಾತು ನಡೆಯಿತು. ನನ್ನ ಇಂಗ್ಲೀಷು ಹರಕುಮುರುಕು, ಆದರೂ ಇಷ್ಟು ತಿಳಿಯುತ್ತದೆ. ತೋರಿಸಬೇಕಾದರೆ ಓದಿದವನೊಬ್ಬ ಅದೇ ಭಂಡಾರ ಹಿಡಿದು ನಿಲ್ಲಬೇಕಲ್ಲ.

ಎಲ್ಲಕ್ಕಿಂತ ದೊಡ್ಡ ಆಣೆ ನಿಮ್ಮಲ್ಲಿ ಯಾವುದು ಎಂದು ಸಾಹೇಬ ಕೇಳಿದ. ಕಾಳಪ್ಪ ಕಂಬಳಿಯ ಪದ್ಧತಿ ಹೇಳಿದ. ಹೇಳಿ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಯಾರೋ ಮುದುಕಿ, ನಮ್ಮ ರೇಣವ್ವನ ಮನೆಯಲ್ಲಿ ಒಂದು ಕಂಬಳಿ ಕಾದೈತಿ, ಮಗ ದೂರ ದೇಶದಾಗ ಅದಾನ, ಅಂದುಬಿಟ್ಟಳು. ಸಾಹೇಬ ಚಪ್ಪಾಳೆ ತಟ್ಟಿದ. ಆ ಮಗನ ಜಾಗದಲ್ಲಿ ನಮ್ಮ ದೇಸಾಯಿ ನಿಲ್ಲಲಿ, ಆ ಹೆಂಗಸು ಎಲ್ಲ ಶಾಸ್ತ್ರ ಪ್ರಕಾರ ಮಾಡಲಿ, ನಾನು ಇವನ ನಾಡಿ ಹಿಡಿದಿರುತ್ತೇನೆ, ನಾಳೆಯೇ ಆಗಲಿ, ಅಂದ.

ಸುದ್ದಿ ಕೇಳಿ ರೇಣವ್ವನ ಸಂತೋಷ ನೋಡಬೇಕಾಗಿತ್ತು ನೀವು. “ನೋಡಿದಿ ಏನ ಲಾಡಬಿ! ಸಾಹೇಬನ ನೆವಾ ಮಾಡ್ಕೊಂಡು ಬೀರಪ್ಪನs ನನ್ನ ಮಗನ್ನ ಕರಕೊಂಡು ಬಂದಾನ. ಅವರಿಗೆ ಆಟ ಆದ್ರ ಆಗ್ಲಿ, ನಮಗ ಖರೇ ಆಕೈತಿ.” ಅವಳು ಹೇಳಿದ್ದರಲ್ಲಿ ಲೆಕ್ಕ ತಪ್ಪಿರಲಿಲ್ಲ. ಅವನು ಭಂಡಾರ ಹಿಡಿದು ‘ಮಲಕಪ್ಪನ ಮಗ’ ಅನ್ನಬಹುದಿತ್ತು, ಸಾಹೇಬ ಅದನ್ನು ಆಟವೆಂದೇ ತಿಳಿಯುತ್ತಿದ್ದ. ದೇಸಗತಿ ಹೋಗುತ್ತಿರಲಿಲ್ಲ, ಕಾಲೇಜಿನ ಜಾಗ ಹೋಗುತ್ತಿರಲಿಲ್ಲ, ಒಂದು ಕೂದಲೂ ಕೊಂಕುತ್ತಿರಲಿಲ್ಲ. ಇಡೀ ಲೋಕದೆದುರು ನಿಜ ಹೇಳಿ ಯಾರಿಗೂ ಗೊತ್ತಾಗದೆ ಪಾರಾಗುವ ಇಂಥ ಅವಕಾಶ ಯಾವ ಮಗನಿಗೆ ಸಿಗುತ್ತದೆ?

ನನ್ನ ತಾಯಿ ಪೆಟ್ಟಿಗೆಯಿಂದ ಒಂದು ಇಳಕಲ್ಲ ಸೀರೆ ತೆಗೆದಳು. ಇಳಕಲ್ಲಿನಲ್ಲಿ ಮಗ್ಗ ಹಾಕಿದ ನನ್ನ ಸೋದರಮಾವ ಇಬ್ರಾಹಿಂಸಾಬ ನೇಯ್ದದ್ದು, ಕೆಂಪು ಸೆರಗಿನದು. “ಇದನ್ನ ಉಟ್ಗೋ ರೇಣಿ, ಮಗನ ಹೆಗಲಿಗೆ ಕೈ ಹಾಕೂವಾಗ ಹರಕ ಸೀರಿ ಬ್ಯಾಡ,” ಅಂದಳು. ರೇಣವ್ವ ಹೋಳಿಗೆಗೆ ಬೇಳೆ ಹಾಕಿದಳು. ಗಂಡನಿಗೆ ಎಡೆ, ಮಗನಿಗೆ ಊಟ. ಅಮಸಿದ್ದನಿಗೆ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಲೇ ಇರಬೇಕು, ಸಾಕು ಅನ್ನುವ ಮಾತೇ ಅವನಿಗೆ ಬರುತ್ತಿರಲಿಲ್ಲ. ಒಂದು ಗಿಂಡಿ ತುಪ್ಪ ಕಾಯಿಸಿ ಅವನಿಗೆಂದೇ ಬೇರೆ ಇಟ್ಟಳು.

ನಾನು ಅದೇ ಸಂಜೆ ಬಾದಾಮಿಗೆ ಹೋದೆ. ಅವನು ಅಗಸ್ತ್ಯತೀರ್ಥ ಕೆರೆಯ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ನನ್ನನ್ನು ಕಂಡ ಕೂಡಲೇ ಎದ್ದು ನಿಂತ.

“ಜಲಾಲ, ಒಂದು ಕೆಲಸಾ ಮಾಡೋ. ಕಾಳಪ್ಪಗ ಹೇಳು, ನಾಳೆ ಗುಡಿ ಭಂಡಾರ ಬ್ಯಾಡ. ಮನ್ಯಾಗಿನ ಅಡಿಗಿ ಅರಿಷಿಣ ತರ್ಲಿ. ಸಾಹೇಬಗ ಗೊತ್ತಾಗೂದಿಲ್ಲ.”

“ಯಾಕ?”

“ಸುಮ್ಮ. ಆಟಕ್ಕ ದೇವರದು ಯಾಕ ಬೇಕು.”

“ಲೇ ಅಮಸಿದ್ದ, ನನ್ನ ಮುಂದ ಆಟ ಹೂಡಬ್ಯಾಡ. ಅರಿಷಿಣ ಬರೇ ಅರಿಷಿಣ ಅಂತ ಇಂಗ್ಲೀಷಿನ್ಯಾಗ ಹೇಳಾವ ನೀನs. ಮತ್ತ ಯಾಕ ಅಂಜತಿ?”

ಅವನು ನೀರಿನ ಕಡೆ ತಿರುಗಿದ. “ನಾಡಿ ಹಿಡಿದಿರ್ತಾನಲೇ ಅಂವ,” ಅಂದ. “ಭಂಡಾರ ಕೈಗೆ ಬಿದ್ರ ನನ್ನ ನಾಡಿ ಸುಮ್ನಿರತೈತಿ ಅಂತ ಮಾಡೀ ಏನು? ಅದೂ ಹೋಗ್ಲಿ. ಭಂಡಾರ ಹಿಡಿದು ಮಲಕಪ್ಪನ ಮಗಾ ಅಂತ ಒಮ್ಮೆ ಅಂದ್ರ ಮುಗೀತು. ಆಮ್ಯಾಲೆ ಪುಣೇದಾಗ ಯಾರರ ಕೇಳಿದ್ರ ಅಲ್ಲಾ ಅನ್ನಾಕ ನನ್ನ ಬಾಯಿ ಏಳೂದಿಲ್ಲ. ನನಗ ಗೊತ್ತೈತಿ.”

ನನಗೆ ನಗು ಬರಬೇಕಾಗಿತ್ತು. ಓದಿದವರ ಮೇಲೆ ಆಣೆ ನಡೆಯುವುದಿಲ್ಲ ಅಂತ ತೋರಿಸಲಿಕ್ಕೆ ಬಂದ ಪಂಡಿತ, ಆಣೆಗೆ ಹೆದರಿ ನನ್ನ ಮುಂದೆ ಕೈ ಮುಗಿಯುತ್ತಿದ್ದಾನೆ. ನಗು ಬರಲಿಲ್ಲ. “ನಿಮ್ಮವ್ವ ಹೋಳಿಗಿ ಮಾಡಾಕತ್ತಾಳ,” ಅಂದೆ. “ನನ್ನ ಕೈಲೆ ಈ ಹೊಲಸು ಕೆಲಸಾ ಆಗೂದಿಲ್ಲ. ಮಾಡಿದ್ರ ನೀನೂ ಮನಶ್ಯಾ ಅಲ್ಲ.” ಉಗುಳಿ ಬಂದೆ. ಇಷ್ಟು ಮುಖದ ಮೇಲೆ ಅಂದ ಮೇಲೆ ಮಾಡಲಾರ ಅಂತ ನನಗೆ ನಂಬಿಕೆ ಇತ್ತು.

ಮರುದಿನ ಬೆಳಗ್ಗೆ ಗುಡಿಯ ಮುಂದೆ ಹಟ್ಟಿಗೆ ಹಟ್ಟಿಯೇ ಕೂಡಿತ್ತು. ಡೊಳ್ಳು ಬಾರಿಸಬೇಡಿ, ನಾಡಿ ಎಣಿಸುವುದು ತಪ್ಪುತ್ತದೆ ಅಂತ ಸಾಹೇಬ ಹೇಳಿದ್ದರಿಂದ ಡೊಳ್ಳಿನವರು ಸುಮ್ಮನೆ ಕೂತಿದ್ದರು. ರೇಣವ್ವ ಇಳಕಲ್ಲ ಸೀರೆ ಉಟ್ಟು, ಕಂಬಳಿಯನ್ನು ಎದೆಗೆ ಅವಚಿಕೊಂಡು ಬಂದಳು. ಎಷ್ಟೋ ವರ್ಷದ ಹೊಗೆ ಹಿಡಿದು ಕಂಬಳಿ ಬಿರುಸಾಗಿತ್ತು. ಅವಳು ಅದನ್ನು ಹಿಂದಿನ ದಿನ ಸುದ್ದಿ ಕೇಳಿದ ಕೂಡಲೇ ಬಿಸಿಲಿಗೆ ಹಾಕಿ, ಕೈಯಿಂದ ತಟ್ಟಿ ತಟ್ಟಿ ಮೆತ್ತಗೆ ಮಾಡಿದ್ದಳು.

ಅಮಸಿದ್ದ ಬೂಟು ಬಿಚ್ಚಿ ಬಂಡೆಯ ಮೇಲೆ ನಿಂತ. ಸಾಹೇಬ ಅವನ ಎಡ ಮಣಿಕಟ್ಟು ಹಿಡಿದು ಗಡಿಯಾರ ತೆಗೆದ. ಕಾಳಪ್ಪ ಮುಂದೆ ಬಂದ. ಅವನ ಹೆಗಲಲ್ಲಿ ಭಂಡಾರದ ಉಣ್ಣೆಯ ಚೀಲ ತೂಗುತ್ತಿತ್ತು, ಆದರೆ ಅವನು ಚೀಲಕ್ಕೆ ಕೈ ಹಾಕಲಿಲ್ಲ. ಸೊಂಟದಿಂದ ಒಂದು ಎಲೆಯ ಪೊಟ್ಟಣ ತೆಗೆದು ಅಮಸಿದ್ದನ ಬಲಗೈಗೆ ಸುರಿದ.

ರೇಣವ್ವ ನೋಡಲಿಲ್ಲ. ಅವಳ ಕಣ್ಣು ಮಗನ ಮೋರೆಯ ಮೇಲಿತ್ತು.

“ಯಾರ ಮಗಾ ನೀ?” ಅಂದಳು.

“ಮಲಕಪ್ಪನ ಮಗ,” ಅಂದ ಅವನು. ಸ್ಪಷ್ಟವಾಗಿ, ಗಟ್ಟಿಯಾಗಿ, ಸಭೆಯಲ್ಲಿ ಹೇಳುವ ಹಾಗೆ.

ಹಟ್ಟಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ನನ್ನ ತಾಯಿಯೂ ಅತ್ತಳು. ಸಾಹೇಬ ಗಡಿಯಾರದಿಂದ ತಲೆಯೆತ್ತಿ ಇಂಗ್ಲೀಷಿನಲ್ಲಿ ಸಂತೋಷಪಟ್ಟ. ನಾಡಿ ಒಂದಿಷ್ಟೂ ಅಲುಗಿಲ್ಲ, ಭಲೆ ದೇಸಾಯಿ, ನಾನು ಹೇಳಲಿಲ್ಲವೇ, ಓದು ಈ ಹೆದರಿಕೆಯನ್ನು ಬೇರುಸಹಿತ ಕೀಳುತ್ತದೆ, ಇನ್ನೊಂದು ಸಲ ಎಣಿಸುತ್ತೇನೆ ಹಾಗೇ ಇರು, ಅಂದ. ಮಣಿಕಟ್ಟು ಬಿಡಲಿಲ್ಲ.

ರೇಣವ್ವ ಕಂಬಳಿ ಬಿಚ್ಚಿ ಎತ್ತಿದಳು. ಮಗ ಎತ್ತರದವನು, ಹತ್ತಿರ ಹೋಗಿ ತುದಿಗಾಲಲ್ಲಿ ನಿಲ್ಲಬೇಕಾಯಿತು. ಅಲ್ಲಿಗೇ ನಿಂತುಬಿಟ್ಟಳು. ಗುಡಿಯ ಭಂಡಾರಕ್ಕೆ ಹಳೆಯ ಉಣ್ಣೆಯ ವಾಸನೆ, ಲೋಬಾನದ ವಾಸನೆ ಇರುತ್ತದೆ, ಬಣ್ಣವೂ ಮಾಸಿರುತ್ತದೆ. ಅವನ ಅಂಗೈಯಲ್ಲಿದ್ದುದು ಹಸಿ ಹಳದಿ, ಮೂಗಿಗೆ ಒಗ್ಗರಣೆ ನೆನಪಿಗೆ ತರುವಂಥದು. ಹುಟ್ಟಿದಂದಿನಿಂದ ಎರಡನ್ನೂ ಬಳಸಿದ ಯಾವ ಹೆಂಗಸಿಗೆ ಅದು ಗೊತ್ತಾಗುವುದಿಲ್ಲ? ಕಂಬಳಿಯನ್ನು ಮತ್ತೆ ಎದೆಗೆ ತಂದುಕೊಂಡು, ಅವನ ಅಂಗೈಯಿಂದ ಒಂದು ಚಿಟಿಕೆ ತೆಗೆದು ಮೂಸಿದಳು.

“ಕಾಳಪ್ಪ, ಇದು ಯಾರ ಮನಿ ಅರಿಷಿಣ?”

ಕಾಳಪ್ಪ ನೆಲ ನೋಡಿದ. “ನನ್ನ ಮ್ಯಾಲೆ ಸಿಟ್ಟಾಗಬ್ಯಾಡವ್ವ. ಮುಂಜಾನಿ ಇವ್ರs ಬಂದು ನನ್ನ ಹೇಣ್ತಿ ಕಡೆ ಇಸ್ಕೊಂಡು ಕಟ್ಟಿ ಕೊಟ್ರು. ಸಾಹೇಬ್ರ ಆಟಕ್ಕ ದೇವರ ಭಂಡಾರ ಬ್ಯಾಡ ಅಂದ್ರು. ದೇವರ ಮರ್ಯಾದಿ ಉಳೀತು ಅಂತ ನಾನೂ ಹೂಂ ಅಂದೆ.”

“ಖರೆ ಏನಪಾ?” ಅಂತ ಮಗನನ್ನು ಕೇಳಿದಳು. ಅವನು ಸಾಹೇಬನ ಕಡೆ ನೋಡಿದ.

ಏಕೆ ನಿಂತಳು, ಏನು ಹೇಳುತ್ತಾಳೆ ಅಂತ ಸಾಹೇಬ ಕೇಳಿದ. ಅಮಸಿದ್ದ ಇಂಗ್ಲೀಷಿನಲ್ಲಿ ಏನೋ ಹೇಳಿದ. ರೇಣವ್ವ ನನ್ನ ಕಡೆ ತಿರುಗಿದಳು. “ಏನಂದ ಜಲಾಲ?”

“ಏನೂ ಇಲ್ಲಾ, ಒಂದು ಸಣ್ಣ ಸಾಮಾನು ಮರತಾರ ಅಂದ ಚಿಗವ್ವಾ.”

“ಸಣ್ಣ ಸಾಮಾನು,” ಅಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು, ಅವಳ ಮೋರೆ ನೋಡಲಿಕ್ಕೆ ನನಗೆ ಆಗಲಿಲ್ಲ. ಕಾಳಪ್ಪನ ಹೆಗಲ ಚೀಲಕ್ಕೆ ತಾನೇ ಕೈ ಹಾಕಿದಳು. ಹೆಂಗಸರು ಆ ಚೀಲ ಮುಟ್ಟುವುದಿಲ್ಲ, ಆದರೂ ಕಾಳಪ್ಪ ತಡೆಯಲಿಲ್ಲ. ಹಿಡಿ ತುಂಬ ಭಂಡಾರ ತೆಗೆದು ಗುಡಿಯ ಕಡೆ ಮುಖ ಮಾಡಿದಳು. ಏನಾಗಲಿದೆ ಅಂತ ಹಟ್ಟಿಯ ಮುದುಕರಿಗೆ ತಿಳಿಯಿತು. “ರೇಣವ್ವ, ಬ್ಯಾಡ, ತಡಿ, ದುಡಕಬ್ಯಾಡ,” ಅಂತ ಒಬ್ಬರು ಕೂಗಿದರು. ನನ್ನ ತಾಯಿ ಎದ್ದು ಓಡಿದಳು, ಹೊತ್ತಿಗೆ ಮುಟ್ಟಲಿಲ್ಲ.

“ನನ್ನ ಗಂಡ ಮಲಕಪ್ಪಗ ಮಕ್ಕಳಿಲ್ಲ,” ಅಂದಳು ರೇಣವ್ವ.

ಆ ಮಾತಿನ ಅರ್ಥ ತಿಳಿಯದವನು ಅಲ್ಲಿ ಸಾಹೇಬ ಒಬ್ಬನೇ. ಏನಂದಳು, ಅಂತ ಮತ್ತೆ ಕೇಳಿದ. ಅಮಸಿದ್ದನ ಮಣಿಕಟ್ಟು ಜಗ್ಗಿ, ಹೇಳು ದೇಸಾಯಿ, ಅಂದ.

ಅವನು ಹೇಳಿದ. ಇಂಗ್ಲೀಷಿನಲ್ಲಿ, ಒಂದೊಂದೇ ಶಬ್ದ. ನನಗೂ ತಿಳಿಯುವಂಥ ಸರಳ ಶಬ್ದಗಳು. ಸತ್ತವನಿಗೆ ಮಕ್ಕಳಿರಲಿಲ್ಲ ಎಂದು ಈಕೆ ಹೇಳುತ್ತಾಳೆ.

ಪಾಪ, ಅಂದ ಸಾಹೇಬ. ಆಮೇಲೆ ತನ್ನ ಬೆರಳ ಕೆಳಗೆ ಏನೋ ಆದದ್ದು ಗೊತ್ತಾಗಿ ಹುಬ್ಬು ಗಂಟಿಕ್ಕಿದ. ಇದೇನು ದೇಸಾಯಿ, ನಿನ್ನ ನಾಡಿ ಓಡುತ್ತಿದೆಯಲ್ಲ, ಏನಾಯಿತು?

“ಬಿಸಿಲು ಸರ್,” ಅಂದ ಅಮಸಿದ್ದ.

ರೇಣವ್ವ ಅವನ ಪಕ್ಕದಿಂದಲೇ ದಾಟಿ ಸಾಹೇಬನ ಎದುರು ನಿಂತಳು. ಊರಿಗೆ ಬಂದ ಪರದೇಶಿ ಅವನೇ ತಾನೇ. ಗಂಡನ ಕಂಬಳಿಯನ್ನು ಸಾಹೇಬನ ಹೆಗಲಿಗೆ ಹಾಕಿ, ಎರಡೂ ತುದಿ ಎಳೆದು ಸರಿಮಾಡಿದಳು. ಸಾಹೇಬ ಟೋಪಿ ತೆಗೆದು ಅವಳಿಗೆ ಬಗ್ಗಿ ನಮಸ್ಕಾರ ಮಾಡಿದ. ಮುಂಬಯಿಯ ವಸ್ತುಸಂಗ್ರಹಾಲಯಕ್ಕೆ ಇದು ಒಳ್ಳೆಯ ಕಾಣಿಕೆ ಅಂತ ಅವನು ಹೇಳಿದ್ದು ನನಗೆ ಕೇಳಿಸಿತು. ಆ ಬಿಸಿಲಿನಲ್ಲಿ ಕಂಬಳಿ ಹೊದ್ದುಕೊಂಡೇ ಗಾಡಿ ಹತ್ತಿದ. ಅಮಸಿದ್ದ ಬೂಟು ಕೈಯಲ್ಲಿ ಹಿಡಿದು ಹಿಂದೆ ಹೋದ. ಹೋಗುವಾಗ ನನ್ನನ್ನು ನೋಡಿದ. ನಾನು ಮೋರೆ ತಿರುವಿದೆ, ಇವತ್ತಿಗೂ ಅದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ.

ಅಂದು ಸಂಜೆ ರೇಣವ್ವ ಗಂಡನಿಗೆ ಎಡೆ ಇಟ್ಟಳು. ಮಾವ, ಅತ್ತೆ, ಆಮೇಲೆ ಮಲಕಪ್ಪ. ಹೋಳಿಗೆ, ಕಟ್ಟಿನ ಸಾರು, ಅನ್ನ. ಮಗನಿಗೆಂದು ಬೇರೆ ಇಟ್ಟಿದ್ದ ತುಪ್ಪದ ಗಿಂಡಿಯನ್ನು ತಂದು ಅಷ್ಟನ್ನೂ ಗಂಡನ ಎಲೆಗೇ ಸುರಿದಳು. “ಉಣ್ಣು, ಭಾಳ ದಿನಾ ಕಾದಿ,” ಅಂದಳು. ನನ್ನ ತಾಯಿಗೂ ನನಗೂ ಬಡಿಸಿದಳು. ನಾವಿಬ್ಬರೂ ಅನ್ನ ಕಲಸುತ್ತ ಕೂತೆವು. ಅವಳು ಮಾತ್ರ ಕೂತು ಊಟ ಮಾಡಿದಳು.

ಆಮೇಲೆ ಅವನಿಗೆ ಕಾಲೇಜಿನ ಜಾಗ ಸಿಕ್ಕಿತು, ಹೆಸರು ಬಂತು. ಸಾಹೇಬನ ಲೇಖನದಲ್ಲಿ ಓದಿದ ಮನುಷ್ಯನ ಶಾಂತ ನಾಡಿಯ ಬಗ್ಗೆ ಉದ್ದಕ್ಕೆ ಬರೆದಿದೆಯಂತೆ. ಅದರ ಮೇಲೆ ಮತ್ತೆ ಎಷ್ಟೋ ಪಂಡಿತರು ಏನೇನೋ ಕಟ್ಟಿದ್ದಾರಂತೆ. ಕಾಳಪ್ಪನ ಹೆಂಡತಿಯ ಅಡುಗೆಮನೆಯ ಅರಿಷಿಣದ ಮೇಲೆ ಎಂಥ ದೊಡ್ಡ ಶಾಸ್ತ್ರ ಎದ್ದು ನಿಂತಿತು ನೋಡಿ! ಇದನ್ನೆಲ್ಲ ವಕೀಲರಿಗೆ ಹೇಳಬೇಕು ಅಂತ ಮೊನ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು.

“ಇಷ್ಟು ದೊಡ್ಡ ಮನಶ್ಯಾ, ಪಾಪ, ತಾಯಿ ತಂದಿ ಯಾರೂ ಇಲ್ಲಂತ,” ಅಂದರು ವಕೀಲರು, ನನ್ನ ತಾಯಿ ಕೊಟ್ಟ ಮಜ್ಜಿಗೆ ಕುಡಿಯುತ್ತ. “ನೀವೂ ಈ ಕಡಿಯವರs. ಅದು ಖರೆ ಏನ್ರಿ ಮಾಸ್ತರ?”

ಹಿತ್ತಲ ಗೋಡೆಯ ಆಚೆ ರೇಣವ್ವ ಕುರಿಮರಿಗೆ ಸೊಪ್ಪು ಹಾಕುತ್ತ ನಿಂತಿದ್ದಳು. ನಮ್ಮ ಮಾತು ಅವಳಿಗೆ ಕೇಳಿಸುತ್ತಿತ್ತು. ಒಮ್ಮೆ ನನ್ನ ಕಡೆ ನೋಡಿ ಮತ್ತೆ ಮರಿಯ ಕಡೆ ಬಗ್ಗಿದಳು.

“ಖರೆ ಐತ್ರಿ,” ಅಂದೆ ನಾನು.